ಬಾವಿಯ ನೀರಲ್ಲಿ ಅರಿಶಿನ ಕೆಂಪಾಯಿತು

ಹೋದ ವರ್ಷ ಹೋಳಿ ಹುಣ್ಣಿಮೆ ಕಳೆದ ಮರುವಾರದ ಮಾತು. ನನ್ನ ಅಕ್ಕನ ಮಗಳು ಭಾಗ್ಯಶ್ರೀಯ ಗಂಗಿ ಪೂಜೆ ಇತ್ತು. ಇದನ್ನು ಬರೆಯಲು ಕುಳಿತರೆ ಈಗಲೂ ನನ್ನ ಎದೆ ಡವಡವ ಎನ್ನುತ್ತದೆ. "ಆ ಕಥಿ ಇನ್ನೂ ಎಷ್ಟ ಮಂದಿಗೆ ಹೇಳತೀದಿ?" ಎಂದು ನಮ್ಮ ಮನೆಯವರು ನಗುತ್ತಾರೆ. ಎಷ್ಟು ಮಂದಿಗೆ ಹೇಳಿದರೂ ನನಗೆ ಸಾಲದು, ಏನು ಮಾಡಲಿ?

ನಾವು ಕಲಬುರಗಿ ಕಡೆಯವರು. ಮದುವೆಯಾಗಿ ಪುಣೆಗೆ ಬಂದಾಗಿನಿಂದ ಧನಕವಡಿಯಲ್ಲೇ ಇದ್ದೇನೆ. ಮನೆಯ ಮುಂದಿನ ಕೋಣೆಯಲ್ಲಿ ಮಷೀನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಅಕ್ಕ ತೀರಿಕೊಂಡ ಮೇಲೆ ಭಾಗ್ಯಶ್ರೀಗೆ ತವರುಮನೆ ಅಂದರೆ ನಾನೇ. ಅವಳನ್ನು ನಮ್ಮ ಕಡೆಯವನೇ ಆದ ಸಿದ್ದಪ್ಪನಿಗೆ ಕೊಟ್ಟಿದ್ದೇವೆ. ಹಡಪಸರ ದಾಟಿ ಮುಂದೆ ಹೋದರೆ ಸಣ್ಣ ಕಾರ್ಖಾನೆಗಳ ಶೆಡ್ಡುಗಳು ಸಾಲಾಗಿ ನಿಂತಿವೆ. ಅವುಗಳ ಬೆನ್ನಿಗೆ ನಮ್ಮ ಕಡೆಯ ಕೂಲಿಕಾರರ ಒಂದು ವಸ್ತಿ ಇದೆ. ಸಿದ್ದಪ್ಪ ಅಲ್ಲೇ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದಾನೆ. ಎರಡು ಸಲ ಬಸಿರು ನಿಲ್ಲದೆ ಅತ್ತು ಸೊರಗಿದ್ದ ಭಾಗ್ಯಶ್ರೀಗೆ ಕಡೆಗೂ ಹೆಣ್ಣು ಕೂಸು ಹುಟ್ಟಿತ್ತು. ನನ್ನ ಸಂಭ್ರಮ ಕೇಳಬೇಡಿ!

ನಮ್ಮ ಕಡೆ ಬಾಣಂತಿ ಮೊದಲ ಸಲ ಹೊರಗೆ ಕಾಲಿಡುವಾಗ ನೀರಿಗೆ ಹೋಗಿ ಗಂಗವ್ವನನ್ನು ಪೂಜಿಸುತ್ತಾಳೆ. ಐದು ಹರಳುಕಲ್ಲು ತೊಳೆದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿ, ತುಂಬಿದ ಕೊಡ ಹೊತ್ತು ಮನೆಗೆ ಬರುತ್ತಾಳೆ. ಆ ನೀರನ್ನು ಕೂಸಿನ ತುಟಿಗೆ ಹನಿಸುತ್ತಾರೆ. ಆ ಮೇಲೆ ಗಂಗವ್ವ ಆ ಕೂಸನ್ನು ಕಾಯುತ್ತಾಳೆ ಎಂದು ನಂಬಿಕೆ. ಪೂಜೆಯ ಸಾಮಾನು ತವರಿನವರದು. ಸೀರೆ, ಕುಬುಸ, ಕಾಯಿ, ನಿಂಬೆಹಣ್ಣು ಎಲ್ಲ ಹೊಂದಿಸಿದೆ. ಅರಿಶಿನವನ್ನು ಮಾತ್ರ ಅಂಗಡಿಯ ಪುಡಿ ನಂಬದೆ, ಸಾಂಗಲಿಯ ಕೊಂಬು ತರಿಸಿ ಒಣಗಿಸಿ ನಾನೇ ಪುಡಿ ಮಾಡಿಸಿದ್ದೆ.

ಪುಣೆಯಲ್ಲಿ ಎಷ್ಟೋ ಜನ ಈಗ ನಳಕ್ಕೇ ಕುಂಕುಮ ಹಚ್ಚಿ ಗಂಗಿ ಪೂಜೆ ಮುಗಿಸುತ್ತಾರೆ. ನಾನೂ ಹಾಗೇ ಮಾಡೋಣ ಎಂದು ಫೋನಿನಲ್ಲಿ ಹೇಳಿದ್ದೆ. ಭಾಗ್ಯಶ್ರೀಯ ಅತ್ತೆ ಮಲ್ಲವ್ವ ಕೇಳಬೇಕಲ್ಲ!

"ನಳಕ್ಕ ಯಾಕ ಮಾಡೂಣು ಶಾಂತವ್ವ? ನಮ್ಮ ವಸ್ತಿ ಹಿಂದ ಖಾಸ್ ಬಾವಿ ಅದ. ನಿಮ್ಮ ಧನಕವಡ್ಯಾಗ ಅಂಥಾದ್ದು ಅದ ಏನು?" ಎಂದರು. ಬೀಗತಿಯರು ನಾವು, ಒಬ್ಬರ ಮಾತಿಗೆ ಒಬ್ಬರು ಕಡಿಮೆ ಬೀಳುವವರಲ್ಲ. ಆದರೆ ಅವತ್ತು ಗಂಡಿನ ಮನೆಯವರ ಮಾತಿಗೆ ಆಗಲಿ ಅಂದೆ.

ಬೆಳಿಗ್ಗೆ ನಾನು ಆಟೊದಿಂದ ಇಳಿಯುತ್ತಲೇ ಗಂಟಲು ಕೆರೆಯಿತು. ಶೆಡ್ಡುಗಳ ಕಡೆಯಿಂದ ಬಣ್ಣದ ಘಾಟು ಹೊಡೆಯುತ್ತಿತ್ತು. ತಗಡಿನ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ, ತುಳಸಿಯ ಎಲೆಯ ಮೇಲೆ ಕೂಡ ಕರಿ ಪುಡಿ ಕೂತಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಮಲ್ಲವ್ವ ನಕ್ಕರು.

"ಎರಡು ದಿನ ಇರ್ರಿ, ವಾಸನಿ ಬರೂದೇ ಇಲ್ಲ. ನಮಗೆಲ್ಲ ರೂಢಿ ಆಗ್ಯದ."

ಕೂಸು ಕಂಡ ಕೂಡಲೇ ಘಾಟೆಲ್ಲ ಮರೆತೆ. ಅಕ್ಕನದೇ ಹಣೆ, ಅಕ್ಕನದೇ ಗಲ್ಲ! ಎತ್ತಿಕೊಂಡು ಮುದ್ದಾಡಿದೆ. ಆದರೆ ಅದರ ಕುತ್ತಿಗೆಯ ಮಡಿಕೆಯಲ್ಲಿ, ತೊಡೆಯ ಸಂದಿಯಲ್ಲಿ ಚರ್ಮ ಕೆಂಪಾಗಿ ಸುಲಿದಿತ್ತು. ಏನಿದು ಎಂದು ಕೇಳಿದೆ.

"ದೃಷ್ಟಿ ಆಗ್ಯದ," ಎಂದರು ಮಲ್ಲವ್ವ. "ಇವತ್ತು ಗಂಗವ್ವನ ನೀರು ಬಾಯಿಗೆ ಬಿದ್ರ ಎಲ್ಲಾ ಹೋಗ್ತದ."

ಅಡುಗೆಗೆ ಕುಳಿತಾಗಲೂ ಅವರ ಬಾಯಲ್ಲಿ ಬಾವಿಯದೇ ಹೊಗಳಿಕೆ. ಕುಡಿಯಲು ಟ್ಯಾಂಕರ್ ನೀರು ಬರುತ್ತದೆ, ಆದರೆ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಉಳಿದದ್ದಕ್ಕೆಲ್ಲ ಬಾವಿಯೇ. "ಈಗೀಗ ನೀರು ಭಾಳ ಸುಧಾರಿಸ್ಯಾದ ನೋಡ್ರಿ. ತೊಗರಿಬ್ಯಾಳಿ ಹಾಕಿದ್ರ ಬೆಣ್ಣಿ ಹಂಗ ಕರಗ್ತದ. ಅರಿವಿ ಒಗ್ಯಾಕ ಅರ್ಧ ಸಬಕಾರ ಸಾಕು. ಸ್ವಲ್ಪ ಸವಳು ಅದ, ಅಷ್ಟ," ಎಂದರು. ನಿಜಕ್ಕೂ ಬೇಳೆ ಬೇಗ ಬೆಂದಿತು. ಒಳ್ಳೆಯ ಬಾವಿಯೇ ಇರಬೇಕು ಎಂದುಕೊಂಡೆ.

ಬಿಸಿಲು ಏರುವ ಮೊದಲೇ ಹೊರಟೆವು. ಬಾಣಂತಿಯ ತಲೆಗೆ ಸೆರಗು, ಕೈಯಲ್ಲಿ ಬೇವಿನ ಸೊಪ್ಪು. ವಸ್ತಿಯ ಹೆಂಗಸರೆಲ್ಲ ಹಾಡು ಹೇಳುತ್ತ ಹಿಂದೆ. ಪಕ್ಕದ ಮನೆಯ ಮರಾಠಿಯವರು, ಸುರೇಖಾತಾಯಿ, ಅವರೂ ನತ್ತು ಹಾಕಿಕೊಂಡು ಬಂದಿದ್ದರು. ಬಾವಿ ಹಳೆಯದು, ಕಲ್ಲು ಕಟ್ಟಿದ್ದು. ಅದರ ಪಕ್ಕದಲ್ಲೇ ಒಂದು ನಾಲೆ, ನಾಲೆಯ ಆಚೆ ಶೆಡ್ಡುಗಳ ಹಿಂಗೋಡೆ.

ಭಾಗ್ಯಶ್ರೀ ನೀರು ಸೇದಿದಳು. ನಾನು ಹಿತ್ತಾಳೆಯ ತಾಟಿನಲ್ಲಿ ಐದು ಹರಳು ತೊಳೆದಿಟ್ಟು, ನನ್ನ ಅರಿಶಿನವನ್ನು ಧಾರಾಳವಾಗಿ ಹಾಕಿ, ಮೇಲೆ ಒಂದು ಬೊಗಸೆ ನೀರು ಹನಿಸಿ ಬೆರಳಿನಿಂದ ಕಲಸಿದೆ.

ಕಲಸುತ್ತಿದ್ದ ಹಾಗೇ ಅರಿಶಿನ ಕೆಂಪಾಯಿತು.

ಕೆಂಪು ಅಂದರೆ ಎಂಥ ಕೆಂಪು! ಹಳದಿಯ ಸುಳಿವೇ ಇಲ್ಲ. ಕುಂಕುಮದ ಪೊಟ್ಟಣವನ್ನು ನಾನಿನ್ನೂ ಬಿಚ್ಚಿಯೇ ಇರಲಿಲ್ಲ. ಐದೂ ಹರಳು ಕುಂಕುಮದಲ್ಲಿ ಮೀಯಿಸಿದಂತೆ ಕೆಂಪಗೆ ಹೊಳೆಯುತ್ತಿದ್ದವು. ಹಾಡು ಅರ್ಧಕ್ಕೇ ನಿಂತಿತು.

"ಗಂಗವ್ವ ಒಲದಾಳ!" ಎಂದು ಮಲ್ಲವ್ವ ಕೂಗಿದರು. "ಅರಷಿಣ ಹಾಕಿದ್ರ ಕುಂಕುಮ ಕೊಟ್ಟಾಳ ತಾಯಿ! ನನ್ನ ಮೊಮ್ಮಗಳಿಗೆ ಒಲದಾಳ!"

"ಚಮತ್ಕಾರ ಝಾಲಾ!" ಪವಾಡ ಆಯಿತು ಎಂದು ಸುರೇಖಾತಾಯಿ ಫೋನ್ ತೆಗೆದು ವೀಡಿಯೊ ಶುರು ಮಾಡಿಯೇ ಬಿಟ್ಟರು.

ಆಮೇಲೆ ನೋಡಬೇಕಿತ್ತು ಆ ಗದ್ದಲ! ವಸ್ತಿಗೆ ವಸ್ತಿಯೇ ಓಡಿ ಬಂತು. ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಬಂದರು. ಶೆಡ್ಡಿನ ಕೆಲಸಗಾರರು ಗೋಡೆ ಹಾರಿ ಬಂದರು. ಒಬ್ಬರು ಕಾಯಿ ಒಡೆದರು, ಇನ್ನೊಬ್ಬರು ಕರ್ಪೂರ ಹಚ್ಚಿದರು. ಕೊಡದಲ್ಲಿ ಇನ್ನಷ್ಟು ಅರಿಶಿನ ಕದಡಿ ಬಾಟಲಿಗಳಲ್ಲಿ ತೀರ್ಥ ತುಂಬಿಕೊಳ್ಳಲು ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನನ್ನ ಕಾಲಿಗೂ ಇಬ್ಬರು ಬಿದ್ದರು, ಅರಿಶಿನ ತಂದವಳು ನಾನೇ ಅಲ್ಲವೇ! ನಾನೂ ಸುಮ್ಮನಿರಲಿಲ್ಲ, ಅಕ್ಕನನ್ನು ನೆನೆದು ಗಳಗಳ ಅತ್ತೆ.

"ಕೂಸಿನ್ನ ತರ್ರಿ! ಇಲ್ಲೇ ತೀರ್ಥ ಹಾಕೂಣು!" ಎಂದು ಮಲ್ಲವ್ವ ಆಜ್ಞೆ ಮಾಡಿದರು. ಯಾರೋ ಮನೆಗೆ ಓಡಿ ಕೂಸನ್ನು ತಂದು ಭಾಗ್ಯಶ್ರೀಯ ಮಡಿಲಿಗೆ ಹಾಕಿದರು.

ಅಷ್ಟರಲ್ಲಿ ನಾನು ಕಣ್ಣೊರೆಸಿಕೊಳ್ಳಲು ಹೋಗಿ ಕೈ ನೋಡಿಕೊಂಡೆ. ಬೆರಳಿಗೆ ಬೆರಳು ತಿಕ್ಕಿದರೆ ಜಾರುತ್ತಿತ್ತು. ಎಣ್ಣೆಯ ಜಾರಲ್ಲ. ಬಟ್ಟೆ ನೆನೆಸಲು ಸೋಡಾ ಕದಡಿದಾಗ ಕೈ ಜಾರುತ್ತದಲ್ಲ, ಹಾಗೆ. ಸೋಡಾ ಎಂದು ಮನಸ್ಸಿಗೆ ಬಂದದ್ದೇ ತಡ, ಎಲ್ಲ ಒಂದರ ಹಿಂದೆ ಒಂದು ಹೊಳೆಯಿತು. ಬೇಳೆ ಬೇಗ ಬೇಯುವುದು, ಸಾಬೂನು ಉಳಿಯುವುದು, ಕೂಸಿನ ಚರ್ಮ ಸುಲಿಯುವುದು. ಮತ್ತೆ ಈ ಕೆಂಪು! ಆರತಿಗೆ ಕೆಂಪು ನೀರು ಮಾಡುವಾಗ ನಾವೇನು ಮಾಡುತ್ತೇವೆ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕುತ್ತೇವೆ, ಕೆಂಪಾಗುತ್ತದೆ. ಅಲ್ಲಿದ್ದ ಹೆಂಗಸರೆಲ್ಲ ಹುಟ್ಟಿದಾಗಿನಿಂದ ಮಾಡಿದ ಕೆಲಸ ಅದು. ದೇವಿ ಬಂದಳು ಅಂದ ಕೂಡಲೇ ಒಬ್ಬರಿಗೂ ನೆನಪಾಗಲಿಲ್ಲ, ನನಗೂ ಆಗಿರಲಿಲ್ಲ.

ತಲೆ ಎತ್ತಿದರೆ ಮಲ್ಲವ್ವನ ಕೈಯಲ್ಲಿ ಚಮಚ. ಚಮಚದ ತುಂಬ ಕೆಂಪು ನೀರು. ಕೂಸು ಬಾಯಿ ತೆರೆದಿತ್ತು.

ಹೇಗೆ ಹಾರಿದೆನೋ ಗೊತ್ತಿಲ್ಲ. ಚಮಚಕ್ಕೆ ಕೈ ಬೀಸಿ ಹೊಡೆದೆ. ಅದು ಠಣ್ ಎಂದು ಕಲ್ಲಿನ ಮೇಲೆ ಬಿತ್ತು. ಕೂಸು ಬೆಚ್ಚಿ ಕಿರುಚಿತು.

"ಏನ್ ಮಾಡಿದ್ಯವ್ವಾ ನೀನು!" ಮಲ್ಲವ್ವ ಚೀರಿದರು. "ತಾಯಿ ಕೊಟ್ಟ ತೀರ್ಥ ಚೆಲ್ಲಿದಿ! ನನ್ನ ಮೊಮ್ಮಗಳ ಬಾಯಿಂದ ಕಸದಿ!"

"ಇದು ತೀರ್ಥ ಅಲ್ರಿ! ನೀರಾಗ ಸೋಡಾ ಅದ! ಯಾರೂ ಕುಡೀಬ್ಯಾಡ್ರಿ!"

ಯಾರು ಕೇಳುತ್ತಾರೆ? ಹುಚ್ಚು ಹಿಡಿದಿದೆ ಅಂದರು. ತವರಿನವಳಿಗೆ ಹೊಟ್ಟೆಕಿಚ್ಚು ಅಂದರು. ನನ್ನ ಅರಿಶಿನವೇ ಖೋಟಾ ಎಂದೂ ಒಬ್ಬಳು ಅಂದಳು. ಅದೊಂದು ಮಾತು ನನ್ನ ನೆತ್ತಿಗೇರಿತು! ಒಂದು ಕ್ಷಣ ನನಗೂ ಅನುಮಾನ ಬಂತು. ಮಲ್ಲವ್ವ ಎಲೆ ಅಡಿಕೆ ಹಾಕುವವರು, ಅವರ ಸಂಚಿಯ ಸುಣ್ಣ ಏನಾದರೂ ತಾಟಿಗೆ ಬಿದ್ದಿತ್ತೇ? ನೋಡಿದರೆ ಸಂಚಿ ಅವರ ಸೊಂಟದಲ್ಲಿ ಗಂಟು ಹಾಕಿದ ಹಾಗೇ ಇತ್ತು.

"ತಡೀರಿ, ಎಲ್ಲಾರ ಮುಂದ ಮಾಡಿ ತೋರಸ್ತೀನಿ," ಎಂದೆ. ದಾರಿಗೆಂದು ಮನೆಯಿಂದ ತಂದಿದ್ದ ನೀರಿನ ಬಾಟಲಿ ನನ್ನ ಚೀಲದಲ್ಲಿತ್ತು. ನನ್ನ ಡಬ್ಬಿಯ ಮುಚ್ಚಳದಲ್ಲಿ ಅದೇ ಅರಿಶಿನ ಹಾಕಿ, ಬಾಟಲಿಯ ನೀರು ಹನಿಸಿ ಕಲಸಿದೆ. ಚೆಂಡು ಹೂವಿನ ಹಳದಿ.

"ಅರಷಿಣ ಖೋಟಾ ಏನು? ನೋಡ್ರಿ. ಈಗ ಬಾವಿ ನೀರು ಹಾಕ್ತೀನಿ." ಹೊಸದಾಗಿ ಸೇದಿದ ನೀರನ್ನು ಮುಚ್ಚಳಕ್ಕೆ ಸುರಿದೆ. ಕಣ್ಣೆದುರೇ ಕೆಂಪು!

"ಮತ್ತ? ಅದಾ ಅಲ್ಲೇನು ಗಂಗವ್ವನ ಮಹಿಮಾ?" ಎಂದರು ಮಲ್ಲವ್ವ.

ಪೂಜೆಯ ನಿಂಬೆಹಣ್ಣನ್ನು ಕಲ್ಲಿಗೆ ಒತ್ತಿ ಒಡೆದು ಆ ಕೆಂಪಿನ ಮೇಲೆ ಹಿಂಡಿದೆ. ಸುಯ್ಯೆಂದು ಸಣ್ಣಗೆ ನೊರೆ ಬಂತು. ಕೆಂಪು ಕರಗಿತು. ಮತ್ತೆ ಹಳದಿ.

"ಗಂಗವ್ವ ಒಂದು ನಿಂಬಿಹಣ್ಣಿಗೆ ಹೆದರಿ ಓಡಿಹೋಗ್ತಾಳೇನ್ರಿ ಮಲ್ಲವ್ವರ? ಆರತಿ ನೀರಿಗೆ ಸುಣ್ಣ ಹಾಕಿದ್ರ ಕೆಂಪಾಗ್ತದ, ನೆನಪದ ಇಲ್ಲ?"

ಸುರೇಖಾತಾಯಿಯ ಫೋನು ನಿಧಾನವಾಗಿ ಕೆಳಗಿಳಿಯಿತು. ಹಿಂದೆ ನಿಂತಿದ್ದ ಒಬ್ಬ ಹೆಣ್ಣುಮಗಳು ಮೆಲ್ಲಗೆ ಹೇಳಿದಳು: "ನಮ್ಮ ಮನ್ಯಾಗ ಹುಣಸಿ ಹಾಕದ ಚಪ್ಪ ಬ್ಯಾಳಿ ಕೆಂಪಾಗ್ತಿತ್ತು. ಅರಷಿಣದಾಗ ಬಣ್ಣ ಕಲಿಸ್ಯಾನ ಅಂತ ನಾ ಕಿರಾಣಿಯವನ ಜೋಡಿ ಜಗಳಾಡಿ ಬಂದೀನಿ." ಇನ್ನೊಬ್ಬಳು ತನ್ನ ಅಂಗೈ ಬಿಡಿಸಿ ತೋರಿಸಿದಳು, ಸಿಪ್ಪೆ ಸುಲಿದಿತ್ತು. ಆಗ ಭಾಗ್ಯಶ್ರೀ ಕೂಸನ್ನು ಎದೆಗೆ ಅವಚಿಕೊಂಡು ಹೇಳಿದಳು, "ಚಿಗವ್ವ, ಈ ನೀರಾಗೇ ನಾ ಇಕಿಗೆ ದಿನಾ ಎರೀತೀನಿ."

ಮಲ್ಲವ್ವ ನನ್ನನ್ನು ನೋಡಿದರು, ಕೂಸಿನ ಕುತ್ತಿಗೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಬಿಗಿದರು. "ಸೋಡಾ ಎಲ್ಲಿಂದ ಬಂತು? ಬಾವಿಗೆ ಬಸಿಯೂದು ಈ ನಾಲಿ ನೀರಾ. ನಡೀರಿ, ನೋಡೂಣು."

ಆ ಮೇಲಿನ ಅರ್ಧ ತಾಸನ್ನು ನಾನು ಸಾಯುವತನಕ ಮರೆಯುವುದಿಲ್ಲ! ಇಲಕಲ್ ಸೀರೆ ಮೊಣಕಾಲಿಗೆ ಎತ್ತಿಕಟ್ಟಿದ ಹೆಂಗಸರ ದಂಡು ನಾಲೆಗೆ ಇಳಿಯಿತು. ನಾನು ಅರಿಶಿನದ ಪೊಟ್ಟಣ ಹಿಡಿದು ಮುಂದೆ, ಮಲ್ಲವ್ವ ನನ್ನ ಪಕ್ಕಕ್ಕೆ. ನಾಲೆಯ ಮೇಲ್ಗಡೆ, ಊರ ಕಡೆಯಿಂದ ಬರುವ ನೀರಿಗೆ ಚಿಟಿಕೆ ಹಾಕಿದೆವು. ಹೊಲಸು ನೀರು, ಆದರೂ ಹಳದಿ. ಗೋಡೆಯ ಕಡೆಗೆ ನಾಲ್ಕು ಮಾರು ಸರಿದು ಹಾಕಿದರೆ ಕೆಂಪು! "ಇಲ್ಲಿ ಕೆಂಪು!" ಎಂದು ಒಬ್ಬಳು ಕೂಗುವುದು, ಎಲ್ಲರೂ ಅತ್ತ ಓಡುವುದು. ಕಾಲು ಜಾರಿ ಇಬ್ಬರು ಕೆಸರಿನಲ್ಲಿ ಕುಳಿತೇ ಬಿಟ್ಟರು, ಎದ್ದು ಮತ್ತೆ ಓಡಿದರು. ಹೋದಷ್ಟೂ ಕೆಂಪು ಗಾಢವಾಗುತ್ತಿತ್ತು. ಕಡೆಗೆ ಗೋಡೆಯ ಬುಡದಲ್ಲಿ, ಗಿಡಗಂಟಿಯ ಮರೆಯಲ್ಲಿ ಒಂದು ದಪ್ಪ ಪೈಪು ಸಿಕ್ಕಿತು. ಬಾಯಿಂದ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಮಲ್ಲವ್ವ ಅರಿಶಿನದ ಅಂಗೈ ಹಿಡಿದರು. ಅಂಗೈ ಕೆಂಪಾಯಿತು.

"ಸಿಕ್ಕಿದಿ ಮಗನ!" ಎಂದರು ಪೈಪಿಗೆ.

ಪೈಪಿನ ಶೆಡ್ಡು ಯಾವುದೆಂದು ಸುತ್ತಿ ಬಂದು ನೋಡಿದರೆ, ಸಿದ್ದಪ್ಪ ಕೆಲಸ ಮಾಡುವ ಶೆಡ್ಡೇ. ಅದು ಬಂದು ವರ್ಷವೂ ತುಂಬಿರಲಿಲ್ಲ. ಮಗಳ ಪೂಜೆಗೂ ರಜೆ ಸಿಗದೆ ಅವನು ಒಳಗೇ ಇದ್ದ. ಗೇಟಿನ ಮುಂದೆ ನಾವು ಮಾಡಿದ ಗದ್ದಲಕ್ಕೆ ಮ್ಯಾನೇಜರ್ ಹೊರಗೆ ಬಂದರು. ಹಣೆಗೆ ಕೆಂಪು ನಾಮ, ಮುಖದಲ್ಲಿ ನಗು. ನಮ್ಮನ್ನು ನೋಡಿ ಕೈ ಮುಗಿದುಬಿಟ್ಟರು!

"ಬಹಳ ಪುಣ್ಯ ಮಾಡಿದ್ದೀರಿ ತಾಯಿ," ಎಂದರು ಮರಾಠಿಯಲ್ಲಿ. "ನಮ್ಮ ಹುಡುಗರು ನನಗೂ ತೀರ್ಥ ತಂದುಕೊಟ್ಟರು."

ಅವರ ಕೈಯಲ್ಲಿ ನಿಜಕ್ಕೂ ಒಂದು ಸಣ್ಣ ಬಾಟಲಿ, ಅರ್ಧ ಖಾಲಿ.

"ಕುಡಿದಿರೇನು?" ಎಂದು ಮರಾಠಿಯಲ್ಲೇ ಕೇಳಿದೆ.

"ಕುಡಿದೆ. ಸ್ವಲ್ಪ ಕಹಿ ಇದೆ."

"ಕಹಿ ಇರಲೇಬೇಕು ಸಾಹೇಬರೇ. ಅದು ನಿಮ್ಮ ಹಿಂದಿನ ಪೈಪಿನ ನೀರು."

ಆ ಮುಖ ನೋಡಬೇಕಿತ್ತು! ನಗು ಹಾಗೇ ಹೆಪ್ಪುಗಟ್ಟಿತು. ಬಾಟಲಿಯನ್ನು ದೂರ ಹಿಡಿದರು, ನಮ್ಮನ್ನು ನೋಡಿದರು, ಒಂದೇ ಓಟಕ್ಕೆ ಒಳಗೆ ಹೋಗಿ ನಳದ ಕೆಳಗೆ ಬಾಯಿ ಹಿಡಿದರು. ಮುಕ್ಕಳಿಸಿದರು, ಉಗುಳಿದರು, ಮತ್ತೆ ಮುಕ್ಕಳಿಸಿದರು. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಸುರೇಖಾತಾಯಿ ಇದನ್ನೂ ವೀಡಿಯೊ ಮಾಡಿದರು. ಬಾಯಿ ಒರೆಸಿಕೊಂಡು ಹೊರಗೆ ಬಂದ ಮೇಲೆ, ನಮ್ಮ ನೀರಿನಿಂದ ಏನೂ ಆಗುವುದಿಲ್ಲ ಎಂದು ಹೇಳಲು ಅವರಿಗೆ ಬಾಯೇ ಇರಲಿಲ್ಲ.

ನಮ್ಮ ನಗು ನಿಂತದ್ದು ಸಿದ್ದಪ್ಪ ಹೊರಗೆ ಬಂದಾಗ. ರಬ್ಬರ್ ಬೂಟು, ರಬ್ಬರ್ ಕೈಗವಸು, ಮುಖದ ತುಂಬ ಬೆವರು. ಹೆಂಡತಿ, ಕೂಸು, ತಾಯಿ ಎಲ್ಲರೂ ಕಾರ್ಖಾನೆಯ ಬಾಗಿಲಲ್ಲಿ ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಮಲ್ಲವ್ವ ಅಂಗೈ ತೋರಿಸಿ ಎಲ್ಲ ಹೇಳಿದರು. ಕೇಳುತ್ತ ಕೇಳುತ್ತ ಅವನ ಮುಖ ಸಣ್ಣದಾಯಿತು.

"ಅವ್ವ, ಒಳಗಿನ ಟಾಕಿ ಖಾಲಿ ಮಾಡೂದು ನಂದಾ ಕೆಲಸ," ಎಂದ. "ಕಬ್ಬಿಣದ ಸಾಮಾನು ಎಣ್ಣಿ ಹೋಗಲಿ ಅಂತ ಸೋಡಾದ ನೀರಾಗ ಅದ್ದತೀವಿ. ನೀರು ಹೊಲಸಾದ ಮ್ಯಾಲೆ ಕಾಕ್ ತಿರುವಿ ಬಿಡ್ತೀನಿ. ಗಟಾರಕ್ಕ ಹೋಗ್ತದ ಅಂತ ಹೇಳಿದ್ರು."

ಭಾಗ್ಯಶ್ರೀ ಕೂಸಿನ ಕುತ್ತಿಗೆಯ ಬಟ್ಟೆ ಸರಿಸಿ ಅವನಿಗೆ ತೋರಿಸಿದಳು, ಅಷ್ಟೇ. ಅವನು ಮುಟ್ಟಲು ಕೈ ಚಾಚಿದ, ಕೈಗೆ ಆ ರಬ್ಬರ್ ಗವಸು ಇತ್ತು. ಹಾಗೇ ಹಿಂದಕ್ಕೆ ತೆಗೆದುಕೊಂಡ. ಅವನು ಮ್ಯಾನೇಜರನ್ನು ಕೇಳಲೂ ಇಲ್ಲ. ನೇರ ಒಳಗೆ ಹೋಗಿ, ನಾವೆಲ್ಲ ನೋಡುತ್ತಿರುವಾಗಲೇ, ಮೈಯೆಲ್ಲ ಬಲ ಹಾಕಿ ಆ ಕಾಕ್ ಬಿಗಿದ.

ಮರುದಿನ ಸುರೇಖಾತಾಯಿಯ ಎರಡೂ ವೀಡಿಯೊ ಎಲ್ಲರ ಫೋನಿನಲ್ಲೂ ಓಡಾಡಿದವು. ಸರಕಾರಿ ಕಚೇರಿಯಿಂದ ಜನ ಬಂದು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಪೈಪಿನ ಬಾಯಿಗೆ ಸಿಮೆಂಟು ಬಿತ್ತು, ಬಾವಿಯ ಮೇಲೆ ಕಬ್ಬಿಣದ ಜಾಲರಿ ಬಿತ್ತು. ಟ್ಯಾಂಕರ್ ತಪ್ಪದೆ ಬರತೊಡಗಿತು. ಸಿದ್ದಪ್ಪನ ಕೆಲಸ ಹೋಗುತ್ತದೆ ಎಂದು ಹೆದರಿದ್ದೆವು, ಹೋಗಲಿಲ್ಲ. ತೆಗೆದರೆ ಆ ಹೆಂಗಸರ ದಂಡು ಮತ್ತೆ ಬರುತ್ತದೆ ಎಂದು ಮ್ಯಾನೇಜರಿಗೂ ಗೊತ್ತಿತ್ತು. ಅರ್ಧಕ್ಕೇ ನಿಂತ ಗಂಗಿ ಪೂಜೆಯನ್ನು ನಮ್ಮ ಧನಕವಡಿಯ ಮನೆಯ ನಳಕ್ಕೇ ಮಾಡಿದೆವು. ಕೂಸಿನ ತುಟಿಗೆ ನೀರು ಹನಿಸುವಾಗ ಮಲ್ಲವ್ವ ಚಮಚವನ್ನು ನನ್ನ ಕೈಗೇ ಕೊಟ್ಟರು.

ಮೊನ್ನೆ ಕೂಸನ್ನು ನೋಡಲು ಹೋಗಿದ್ದೆ. ಗೋಡೆ ಹಿಡಿದು ನಿಲ್ಲುತ್ತದೆ, ಕೈ ಬಿಟ್ಟು ಧೊಪ್ಪನೆ ಕೂತು ತಾನೇ ನಗುತ್ತದೆ. ಚರ್ಮ ಹೂವಿನ ಹಾಗೆ ನುಣುಪಾಗಿದೆ. ಆ ಚಮಚ ಕೆಳಗೆ ಬಿದ್ದ ಗಳಿಗೆಯನ್ನು ನೆನೆದರೆ ನನಗೆ ಈಗಲೂ ಖುಷಿಗೆ ಕೂಗಬೇಕು ಅನ್ನಿಸುತ್ತದೆ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಏಟು ನಾನು ಇನ್ನಾರಿಗೂ ಹೊಡೆದಿಲ್ಲ.

ಸಂಜೆ ಶೆಡ್ಡುಗಳ ಕಡೆಯಿಂದ ಗಾಳಿ ತಿರುಗಿತು. ಬಣ್ಣದ ಘಾಟು ಒಳಗೆ ಬಂತು. ಕೂಸು ಆಟ ಬಿಟ್ಟು ಕೆಮ್ಮತೊಡಗಿತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು. ಮಲ್ಲವ್ವ ಅದನ್ನು ಎತ್ತಿ ಬೆನ್ನು ಸವರುತ್ತ, ಬಾಗಿಲಿಗೆ ಪರದೆ ಎಳೆದು ನನ್ನ ಕಡೆ ತಿರುಗಿದರು.

"ಶಾಂತವ್ವ, ಅವತ್ತು ನೀರಾಗ ಏನದ ಅಂತ ಹುಡಕಿ ತೋರಿಸಿದಿ. ಈ ಗಾಳಿಯಾಗ ಏನು ಹಾಕಿ ನೋಡೂಣವ್ವ?"

ನಾನು ಕೈ ಚಾಚಿ ಕೂಸನ್ನು ಇಸಿದುಕೊಂಡು, ಅದರ ಮೂಗಿಗೆ ನನ್ನ ಸೆರಗು ಅಡ್ಡ ಹಿಡಿದೆ.